ಪ್ರಸಂಗದ ನಡುವೆ ಪರದೆ: ಕಡಿಮೆ ಚಿತ್ರ, ಹೆಚ್ಚು ಹೊತ್ತು

ಚರ್ಚಿನ ಪ್ರಸಂಗಕ್ಕೆ, ಅಂದರೆ ಆರಾಧನೆಯಲ್ಲಿ ಮಾಡುವ ಬೋಧನೆಗೆ, ಸ್ಲೈಡ್ ಮಾಡಲು ಕೂತವರು ಮೊದಲು ಚಿತ್ರ ಹುಡುಕುತ್ತಾರೆ. ಮೊದಲು ಪ್ರಸಂಗ ಬರೆದು ಮುಗಿಸಿ. ಸಭೆ ಎಲ್ಲಿ ಕೇಳುವುದನ್ನು ನಿಲ್ಲಿಸಿ ನೋಡಬೇಕು ಎಂದು ಆಮೇಲೆ ಗುರುತು ಹಾಕಿ. ಅರ್ಧ ಗಂಟೆಯ ಪ್ರಸಂಗದಲ್ಲಿ ಅಂಥ ಜಾಗ ಮೂರೋ ನಾಲ್ಕೋ ಸಿಕ್ಕರೆ ಸಾಕು.

ಇಂದಿನ ಫ್ರಾನ್ಸಿನ ಮಾರ್ಸೇ ಪಟ್ಟಣದ ಬಿಷಪ್ ಸೆರೆನಸ್ ದೇವಾಲಯದ ಚಿತ್ರಗಳನ್ನು ಒಡೆಸಿದಾಗ, ಪೋಪ್ ಒಂದನೇ ಗ್ರೆಗೊರಿ ಸುಮಾರು 600ರಲ್ಲಿ ಅವರಿಗೆ ಪತ್ರ ಬರೆದರು: ಚಿತ್ರವನ್ನು ಆರಾಧಿಸುವುದು ತಪ್ಪು, ಆದರೆ ಓದು ಬಾರದವರು ಅದನ್ನು ನೋಡಿ ಕಲಿಯುತ್ತಾರೆ. ಇಂದಿನ ಸಭೆಯಲ್ಲಿ ಹೆಚ್ಚಿನವರಿಗೆ ಓದು ಬರುತ್ತದೆ. ಬೆರಳು ಸರಿಸುತ್ತ ದಿನವಿಡೀ ಚಿತ್ರ ನೋಡುವವರಿಗೆ ಕಷ್ಟವಾಗಿರುವುದು ಒಂದೇ ಚಿತ್ರದ ಮುಂದೆ ನಿಲ್ಲುವುದು. ಮೊಬೈಲಿನ ವೇಗಕ್ಕೆ ಪೈಪೋಟಿ ಕೊಡುವ ಪ್ರಸಂಗ ಸೋಲುತ್ತದೆ.

ಬೈಬಲಿನ ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ತಪ್ಪಿಹೋದ ಮಗನ ಸಾಮ್ಯ (ಮನೆ ಬಿಟ್ಟು ಹೋಗಿ ಮರಳಿ ಬಂದ ಮಗನ ದೃಷ್ಟಾಂತ ಕತೆ) ಇದೆ; ಅದಕ್ಕೆ 17ನೇ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟ್ ಬರೆದ ವರ್ಣಚಿತ್ರವಿದೆ. ಹಳೆಯದಾದ್ದರಿಂದ ಮೂಲ ಚಿತ್ರಕ್ಕೆ ಹಕ್ಕುಸ್ವಾಮ್ಯದ ತೊಡಕಿಲ್ಲ. ಇಡೀ ಚಿತ್ರವನ್ನು ಮೊದಲೇ ತೋರಿಸಿದರೆ ಕತೆ ಅಲ್ಲಿಗೇ ಮುಗಿಯಿತು. ಕತ್ತರಿಸಿಕೊಳ್ಳಿ: 17ನೇ ವಚನಕ್ಕೆ ಮಗನ ಸವೆದ ಪಾದ, 20ಕ್ಕೆ ಅವನ ಬೆನ್ನ ಮೇಲಿನ ತಂದೆಯ ಕೈಗಳು, 28ಕ್ಕೆ ಬಲಗಡೆ ನಿಂತ ಹಿರಿಯ ಮಗ. ಒಂದೊಂದನ್ನೂ ಅಲುಗಿಸದೆ ಒಂದು ನಿಮಿಷ ಇಡಿ. ಲೂಕನ ಪ್ರಕಾರ ತಂದೆ ತಬ್ಬಿಕೊಂಡಾಗ ಹಿರಿಯವನು ಹೊಲದಲ್ಲಿದ್ದ, ಚಿತ್ರದಲ್ಲಿ ಎದುರಿಗೇ ಇದ್ದಾನೆ. ಇದನ್ನು ಹೇಳಲೇಬೇಕು, ಇಲ್ಲದಿದ್ದರೆ ಜನರ ನೆನಪಿನಲ್ಲಿ ಚಿತ್ರವೇ ಬೈಬಲಿನ ವಾಕ್ಯದ ಜಾಗಕ್ಕೆ ಬಂದು ಕೂರುತ್ತದೆ.

ನೋಡಿದ್ದಾದ ಮೇಲೆ ಪರದೆ ಕಪ್ಪಾಗಲಿ. ಪವರ್‌ಪಾಯಿಂಟ್‌ನಲ್ಲಿ ಸ್ಲೈಡ್ ಓಡುತ್ತಿರುವಾಗ ಕೀಬೋರ್ಡಿನ ‘ಬಿ’ ಒತ್ತಿದರೆ ಸಾಕು. ಉರಿಯುವ ಪರದೆಯ ಪಕ್ಕ ನಿಂತ ಪ್ರಸಂಗಿಯ ಮುಖವನ್ನು ಯಾರೂ ನೋಡುವುದಿಲ್ಲ.

ವಚನದ ಅಕ್ಷರ 36 ಪಾಯಿಂಟಿಗಿಂತ ಚಿಕ್ಕದಿರಬಾರದು, ಒಂದು ಸ್ಲೈಡಿಗೆ ಮೂರು ಸಾಲು ಮೀರಬಾರದು. ಕಿಟಕಿಯ ಬೆಳಕು ಪರದೆಗೆ ಬಿದ್ದರೆ ರೆಂಬ್ರಾಂಟನ ಕಡುಗಂದು ಪೂರಾ ಮಾಸಿಹೋಗುತ್ತದೆ. ಹಾಗಾಗಿ ಆರಾಧನೆ ನಡೆಯುವ ಹೊತ್ತಿನಲ್ಲೇ ಕೊನೆಯ ಸಾಲಿನಲ್ಲಿ ಕೂತು ಪರೀಕ್ಷಿಸಿ. ಸಭೆಯ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ಸಾಲುಗಳು ಜಾರುತ್ತವೆ, ಹಳೆಯ ಫಾಂಟಾದರೆ ಕನ್ನಡವೇ ಓದಲು ಬಾರದಂತಾಗುತ್ತದೆ. ಪಿಡಿಎಫ್ ಪ್ರತಿಯೊಂದು ಜೊತೆಗಿರಲಿ.

ವಿಡಿಯೊ ಎರಡು ನಿಮಿಷ ಮೀರಿದರೆ ಮತ್ತೆ ಮಾತಿಗೆ ಜನರನ್ನು ಕರೆತರುವುದು ಕಷ್ಟ. ಕಡತ ಕಂಪ್ಯೂಟರಿನಲ್ಲೇ ಇರಲಿ, ಇಂಟರ್ನೆಟ್ ನಂಬಬೇಡಿ. ಸಿನಿಮಾ ತುಣುಕಾದರೆ ಮೊದಲು ಅನುಮತಿ ಪಡೆಯಿರಿ. ಕಂಪ್ಯೂಟರಿನ ಧ್ವನಿಯನ್ನು ಸೌಂಡ್ ಮಿಕ್ಸರಿಗೆ ಬೇರೆ ಕೇಬಲ್‌ನಲ್ಲಿ ಕೊಟ್ಟು, ಮೈಕಿನ ಮಟ್ಟಕ್ಕೆ ಮೊದಲೇ ಹೊಂದಿಸಿಡಿ.