ಫ್ಯಾನಿನ ಬುಡದಿಂದ ಹನಿಯುವ ನೀರು

ಆಟಿಯ (ಜುಲೈ-ಆಗಸ್ಟಿನ ತುಳು ತಿಂಗಳು) ಮಳೆಗೆ ನಮಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ತರ: "ಸ್ಲ್ಯಾಬು ಸೋರ್ತಾ ಉಂಟು, ಯಾವ ಕಂಪೆನಿಯ ಪೈಂಟು ಒಳ್ಳೆಯದು?" ಪೈಂಟಿನ ಪ್ರಶ್ನೆ ಕೊನೆಗೆ ಬರಬೇಕಾದ್ದು. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ವಾಟರ್‌ಪ್ರೂಫಿಂಗ್ ಕೆಲಸ ಮಾಡಿ ನಾನು ಕಂಡದ್ದೆಂದರೆ, ಸ್ಲ್ಯಾಬಿನ ನಡುಮಧ್ಯದಿಂದ ನೀರು ಇಳಿಯುವುದು ಅಪರೂಪ. ಇಳಿಯುವುದು ಪ್ಯಾರಾಪೆಟ್ ಗೋಡೆ ಸ್ಲ್ಯಾಬಿಗೆ ಕೂಡುವ ಮೂಲೆಯಲ್ಲಿ, ಮಳೆನೀರು ಇಳಿಯುವ ಪೈಪಿನ ಬಾಯಿಯ ಸುತ್ತ, ಇಲ್ಲವೇ ಯಾರೋ ಡ್ರಿಲ್ ಹೊಡೆದ ತೂತಿನಲ್ಲಿ.

ಪೆರ್ಲದ ಹತ್ತಿರ ಒಂದು ಮನೆ. ಚಾವಡಿಯ ಫ್ಯಾನಿನ ಬುಡದಿಂದ ಹನಿ. ಯಜಮಾನರು ಸರಿಯಾಗಿ ಅದೇ ಜಾಗದ ಮೇಲೆ ಎರಡು ಬೇಸಗೆ ಕೋಟಿಂಗ್ ಮಾಡಿಸಿದ್ದರು. "ಪೈಂಟಿನ ಬಕೆಟಿಗೆ ಸುರಿದ ದುಡ್ಡಲ್ಲಿ ಹಂಚಿನ ಮಾಡೇ ಆಗ್ತಿತ್ತು ಮಾರಾಯಾ" ಎಂದರು. "ಅಣ್ಣಾ, ಪೈಂಟು ಆಮೇಲೆ. ಮೊದಲು ನೀರು ಕಟ್ಟಿ ನೋಡುವಾ" ಎಂದೆ.

ಫ್ಯಾನಿನ ಲೈನಿನ ಕರೆಂಟು ತೆಗೆಸಿ, ಟೆರೇಸಿನಲ್ಲಿ ಸಿಮೆಂಟಿನ ಸಣ್ಣ ಹುಣಿ (ಬದು) ಕಟ್ಟಿ ಭಾಗ ಮಾಡಿದೆವು. ಪೈಪಿಗೆ ಬಿರಡೆ ಹಾಕಿ, ಒಂದೊಂದೇ ಭಾಗದಲ್ಲಿ ಎರಡು ಇಂಚು ನೀರು ನಿಲ್ಲಿಸಿ ಎರಡು ದಿನ ಬಿಡುವುದು. (ಕಂಬಿ ತುಕ್ಕು ಹಿಡಿದು ಸಿಮೆಂಟು ಉದುರುವ ಹಳೇ ಸ್ಲ್ಯಾಬಿನಲ್ಲಿ ಇದು ಬೇಡ, ಅಷ್ಟು ನೀರಿಗೆ ಚದರ ಮೀಟರಿಗೆ 50 ಕಿಲೋ ಭಾರ.) ಫ್ಯಾನಿನ ನೇರ ಮೇಲಿನ ಭಾಗ ತುಂಬಿಸಿದಾಗ ಕೆಳಗೆ ಒಣ. ದೂರದ ಮೂಲೆ ತುಂಬಿಸಿದಾಗ ಬೆಳಿಗ್ಗೆಗೆ ಹನಿ ಶುರು.

ಆ ಮೂಲೆಯಲ್ಲಿದ್ದದ್ದು ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡಿನ ಕಬ್ಬಿಣದ ಕಂಬ. ಸ್ಲ್ಯಾಬಿಗೇ ಬೋಲ್ಟ್ ಹೊಡೆದು ನಿಲ್ಲಿಸಿದ್ದು. ಬೋಲ್ಟಿನ ತೂತಿನಿಂದ ಇಳಿದ ನೀರು ಕಾಂಕ್ರೀಟಿನೊಳಗಿನ ವಯರಿಂಗ್ ಪೈಪು ಸೇರಿ, ಅದರ ದಾರಿಯಲ್ಲೇ ನಡೆದು ಫ್ಯಾನಿನ ಬಾಕ್ಸಿನಲ್ಲಿ ಹೊರಬರುತ್ತಿತ್ತು. ಹಾಗಾಗಿ ಒದ್ದೆ ಕಂಡ ಜಾಗದ ಮೇಲೆ ಎಷ್ಟು ಬಳಿದರೂ ಪ್ರಯೋಜನವಿಲ್ಲ.

ಕಂಬ ಕಳಚಿ, ತೂತುಗಳನ್ನು ಕೊರೆದು ಅಗಲಿಸಿ, ಒಣಗಿದಾಗ ಕುಗ್ಗದ ಗ್ರೌಟು ತುಂಬಿಸಿದೆವು. ಮೂಲೆಗಳಿಗೆಲ್ಲ ಮೂರಿಂಚಿನ ಇಳಿಜಾರು ಗಾರೆ ಕೊಟ್ಟು, ಅಲ್ಲಿ ಬಲೆ ಅಂಟಿಸಿ, ಪುಡಿ ಮತ್ತು ದ್ರವ ಕಲಸಿ ಹಚ್ಚುವ ಪಾಲಿಮರ್ ಸಿಮೆಂಟ್ ಕೋಟಿಂಗ್ ಎರಡು ಸಲ, ಎರಡನೆಯದು ಮೊದಲಿನದಕ್ಕೆ ಅಡ್ಡಲಾಗಿ. ಅದರ ಮೇಲೆ ಮೀಟರಿಗೆ ಒಂದು ಸೆಂಟಿಮೀಟರ್ ಇಳಿಕೆ ಬರುವಂತೆ ಗಾರೆ. ಅಡಿಕೆ ಹರಡುವ ಟೆರೇಸಿಗೆ ಬರೇ ಕೋಟಿಂಗ್ ಸಾಕು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅಡಿಕೆ ಎಳೆಯುವ ಹಲಗೆ ಅದನ್ನು ಕೆರೆದು ಕಿತ್ತುಬಿಡುತ್ತದೆ. ಕಂಬಕ್ಕೆ ಬೇರೆಯೇ ಕಾಂಕ್ರೀಟ್ ಪೀಠ ಮಾಡಿ ಬೋಲ್ಟನ್ನು ಅದಕ್ಕೇ ಹಾಕಿದೆವು.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಒಂದು ದಿನ 100 ಮಿ.ಮೀ. ಸುರಿದರೆ ಸಾವಿರ ಚದರಡಿಯ ಟೆರೇಸಿಗೆ ಬೀಳುವುದು ಒಂಬತ್ತು ಸಾವಿರ ಲೀಟರಿಗೂ ಹೆಚ್ಚು. ಇಷ್ಟಕ್ಕೆ ಒಂದೇ ಪೈಪು, ಅದರ ಬಾಯಿಗೆ ಅಡಿಕೆ ಸಿಪ್ಪೆ, ಹಾವಸೆ! ನಾಲ್ಕಿಂಚಿನ ಎರಡಾದರೂ ಪೈಪು ಇರಲಿ, ಒಂದು ಕಟ್ಟಿಕೊಂಡರೆ ಇನ್ನೊಂದು ಕೆಲಸ ಮಾಡೀತು.

ಮೇಲೆ ಶೀಟು ಹಾಕಿಸಿದರೆ ಮುಗಿಯಿತು ಎನ್ನುವವರಿದ್ದಾರೆ. ಶೀಟಿನ ಸ್ಕ್ರೂಗಳ ರಬ್ಬರು ವಾಷರು ಬಿಸಿಲಿಗೆ ಗಟ್ಟಿಯಾಗಿ ಬಿರುಕು ಬಿಡುತ್ತದೆ, ಗಾಳಿಮಳೆ ಬದಿಯಿಂದ ಹೊಡೆಯುತ್ತದೆ. ಶೀಟಿನ ಕಂಬಗಳಿಗೂ ಅದೇ ಬೋಲ್ಟು.

ಕೆಲಸ ಮಾಡಿಸುವುದಿದ್ದರೆ ಪತ್ತನಾಜೆಗೆ ಮೊದಲು, ಅಂದರೆ ಮೇ 24ರ ಸುಮಾರಿಗೆ ಮೊದಲು ಮುಗಿಯಬೇಕು. ಮಾರ್ಚ್ ಆದರೆ ಇನ್ನೂ ಒಳ್ಳೆಯದು. ಜುಲೈಯಲ್ಲಿ ಕರೆದರೆ ಪೈಪು ಬಿಡಿಸಿ ಟಾರ್ಪಾಲು ಕಟ್ಟಿ ಬರುತ್ತೇನೆ, ಅಷ್ಟೇ. ಒದ್ದೆ ಸ್ಲ್ಯಾಬಿಗೆ ಬಕೆಟಿನ ಪೈಂಟು ಬಳಿದರೆ ಗುಳ್ಳೆ ಎದ್ದು ಏಳುತ್ತದೆ. ದುಡ್ಡು ಬರುತ್ತದೆಂದು ಮಾಡಿಕೊಡುವವರೂ ಇದ್ದಾರೆ.

ಈಗ ಬಿಲ್ಲಿನಲ್ಲಿ ಒಂದು ಸಾಲು ಸೇರಿಸುತ್ತೇನೆ: ಕೆಲಸ ಆದಮೇಲೆ ಸ್ಲ್ಯಾಬಿಗೆ ಡ್ರಿಲ್ ಹೊಡೆದರೆ ಗ್ಯಾರಂಟಿ ಇಲ್ಲ. ಡಿಶ್ ಕೂರಿಸುವವರು, ಸೋಲಾರಿನವರು ಬರುವ ದಿನ ಮನೆಯಲ್ಲಿ ಯಾರಾದರೂ ಮೇಲೆ ಹತ್ತಿ ನಿಂತುಕೊಳ್ಳಿ.