ಹರವಿಯ ಘನಫಲ: 430 ಮಿಲಿಲೀಟರ್ ಗೋಡೆಯೊಳಗೆ ಅವಿತಿತ್ತು

ಮಣ್ಣಿನ ಹರವಿಗೆ ಎಷ್ಟು ನೀರು ಹಿಡಿಯುತ್ತದೆ ಎಂದು ಹೊರಗಿನ ಅಳತೆಗಳಿಂದಲೇ ಕಂಡುಹಿಡಿಯುವ ಲೆಕ್ಕ ಕೊನೆಗೂ ಕೂಡಿಬಂತು. ಕೊಪ್ಪಳದ ಸಂತೆಯಿಂದ ತಂದ ಹರವಿಗೆ ಕತ್ತಿನ ಬುಡದ ಗೆರೆವರೆಗೆ ಹಿಡಿದ ನೀರು 11.86 ಕೆಜಿ. 30 ಡಿಗ್ರಿಯಲ್ಲಿ ಲೀಟರ್ ನೀರು 996 ಗ್ರಾಂ, ಅಂದರೆ 11.91 ಲೀಟರ್. ಹಿಂದಿನ ರಾತ್ರಿಯೇ ನೀರು ತುಂಬಿಟ್ಟು ಚೆಲ್ಲಿರಬೇಕು. ಇಲ್ಲದಿದ್ದರೆ ಮಣ್ಣು ಹೀರಿದ್ದೂ ಅಳತೆಗೆ ಸೇರಿಬಿಡುತ್ತದೆ. ಕಾಗದದ ಲೆಕ್ಕ ಮಾತ್ರ ಮೂರು ವಾರ 12.34 ಲೀಟರ್ ಅಂತಲೇ ಹಟ ಹಿಡಿದಿತ್ತು.

ತಳದಿಂದ 0, 7, 14, 21, 28 ಸೆಂ.ಮೀ. ಎತ್ತರದಲ್ಲಿ ಹೊರ ಸುತ್ತಳತೆ ಹೀಗಿದೆ: 0, 79, 94, 87, 48. ಹರವಿಯನ್ನು ಒಂದರ ಮೇಲೊಂದು ಪೇರಿಸಿದ ತೆಳು ದುಂಡು ಬಿಲ್ಲೆಗಳೆಂದು ಭಾವಿಸಿ. ತ್ರಿಜ್ಯಕ್ಕೆ ಇಳಿಸುವ ಗೋಜು ಬೇಡ, ಸುತ್ತಳತೆಯ ವರ್ಗವನ್ನೇ ಅನುಕಲಿಸಿ (ತಳದಿಂದ ಕತ್ತಿನವರೆಗೆ ಕೂಡಿಸಿ) ಕೊನೆಗೆ ಒಂದು ಸಲ 4ಪೈ ಇಂದ ಭಾಗಿಸಿದರೆ ಸಾಕು. ಸಮ ಅಂತರದ ಕೆಲವೇ ಅಳತೆಗಳಿಂದ ಹೀಗೆ ಕೂಡಿಸುವ ಸಿಂಪ್ಸನ್ ನಿಯಮದಲ್ಲಿ ಹೊರ ಘನಫಲ 13.97 ಲೀಟರ್, ಗೋಡೆಯ ದಪ್ಪ ಕಳೆದರೆ ಆ 12.34.

ಮೊದಲ ಅನುಮಾನ ಬಿಲ್ಲೆಗಳ ಸಂಖ್ಯೆ ಮೇಲೆ. ತಳ, ನಡು, ಕತ್ತು ಮೂರೇ ಅಳತೆ ಇಟ್ಟು ನೋಡಿದರೂ 13.98 ಬಂತು! ಗೋಳದಲ್ಲಿ ತ್ರಿಜ್ಯದ ವರ್ಗ ಎತ್ತರದ ದ್ವಿಘಾತಿ (ಎತ್ತರದ ವರ್ಗಕ್ಕಿಂತ ಮೇಲಿನ ಘಾತವಿಲ್ಲದ ಸೂತ್ರ), ಅದಕ್ಕೆ ಸಿಂಪ್ಸನ್ ನಿಯಮ ಕರಾರುವಾಕ್ಕು. ಹರವಿ ಹೆಚ್ಚುಕಡಿಮೆ ಗೋಳವೇ. 1615ರಲ್ಲಿ ಕೆಪ್ಲರ್ ದ್ರಾಕ್ಷಾರಸದ ಪೀಪಾಯಿಗಳ ಲೆಕ್ಕ ಹಾಕಿದ್ದನ್ನು ನೆನೆದು ಜರ್ಮನರು ಈ ಮೂರಳತೆಯ ಸೂತ್ರವನ್ನು ಇಂದಿಗೂ ಅವನ ಹೆಸರಲ್ಲೇ ಕರೆಯುತ್ತಾರೆ.

ಎರಡನೆಯ ಅನುಮಾನ ಟೇಪು. ಅಂಗಡಿಯಲ್ಲಿ ಕೊಟ್ಟ ಬಟ್ಟೆಯ ಟೇಪು ಮೀಟರಿಗೆ ಅರ್ಧ ಸೆಂ.ಮೀ. ಹಿಗ್ಗುತ್ತಿತ್ತು. ಸುತ್ತಳತೆಯಲ್ಲಿ ಅರ್ಧ ಶೇಕಡಾ ಎಂದರೆ ಘನಫಲದಲ್ಲಿ ಒಂದು ಶೇಕಡಾ. ದುಡ್ಡು ಕೊಟ್ಟು ತಂದ ಟೇಪಿಗೆ ಇಷ್ಟು ನಿಷ್ಠೆಯೂ ಇಲ್ಲದಿದ್ದರೆ ಹೇಗೆ? ಉಕ್ಕಿನ ಟೇಪಿನ ಪಕ್ಕ ಇಟ್ಟು ಪರೀಕ್ಷಿಸದೆ ಯಾವುದನ್ನೂ ನಂಬಬೇಡಿ. ಮೇಲಿನ ಅಂಕಿಗಳು ಇದನ್ನು ತಿದ್ದಿದ ಮೇಲಿನವು.

ನಿಜವಾದ ಕಳ್ಳ ಗೋಡೆ. ಅದೇ ಆವಿಗೆಯ ಒಡೆದ ಹರವಿಯ ಬೋಕಿಗಳನ್ನು ಕ್ಯಾಲಿಪರ್‌ನಲ್ಲಿ ಹಿಡಿದರೆ ದಪ್ಪ 0.8 ಸೆಂ.ಮೀ. ಅದನ್ನು ಎಲ್ಲ ತ್ರಿಜ್ಯಗಳಿಂದ ಸಮನಾಗಿ ಕಳೆದದ್ದೇ ತಪ್ಪು. ಕಲ್ಲಂಗಡಿಯನ್ನು ನಡುವಿನಲ್ಲಿ ಅಡ್ಡ ಕೊಯ್ದರೆ ಬಿಳಿ ಸಿಪ್ಪೆ ತೆಳುವಾಗಿ ಕಾಣುತ್ತದೆ, ತುದಿಯ ಹತ್ತಿರ ಕೊಯ್ದರೆ ಅದೇ ಸಿಪ್ಪೆ ಅಗಲವಾಗುತ್ತದೆ. ಕ್ಯಾಲಿಪರ್ ಅಳೆಯುವುದು ಗೋಡೆಗೆ ಲಂಬವಾದ ದಪ್ಪ, ನಮ್ಮ ಬಿಲ್ಲೆಗಳು ಅಡ್ಡಡ್ಡ. ಗೋಡೆ ವಾಲಿದಷ್ಟೂ ಅಡ್ಡ ದಪ್ಪ ಹೆಚ್ಚು. ಕತ್ತಿನ ಬುಡದಲ್ಲಿ ಅದು 1.8 ಸೆಂ.ಮೀ.! ಜೊತೆಗೆ ಒಳಗಿನ ತಳ ಶುರುವಾಗುವುದು ಸೊನ್ನೆಯಿಂದಲ್ಲ, 0.8ರಿಂದ.

ಪರಿಹಾರಕ್ಕೆ ಸಮೀಕರಣ ಬೇಕಿಲ್ಲ. ಹೊರ ರೇಖೆಯನ್ನು ಗ್ರಾಫ್ ಹಾಳೆಯಲ್ಲಿ ನಿಜ ಅಳತೆಗೆ ಬರೆಯಿರಿ. ಕೈವಾರವನ್ನು 0.8ಕ್ಕೆ ಇಟ್ಟು ರೇಖೆಯ ಮೇಲೆ ಬೆರಳಗಲಕ್ಕೊಂದರಂತೆ ಒಳಮುಖವಾಗಿ ಕಮಾನುಗಳನ್ನು ಎಳೆಯಿರಿ. ಎಲ್ಲ ಕಮಾನುಗಳನ್ನೂ ಮುಟ್ಟಿ ಹೋಗುವ ಗೆರೆಯೇ ಒಳಗೋಡೆ. ಆಮೇಲೆ 0.8ರಿಂದ 28ರವರೆಗೆ 6.8 ಸೆಂ.ಮೀ. ಅಂತರದಲ್ಲಿ ತ್ರಿಜ್ಯ ಓದಿದರೆ 0, 12.0, 14.2, 12.9, 5.8. ಘನಫಲ 11.95 ಲೀಟರ್, ನೀರಿಗಿಂತ 40 ಮಿಲಿಲೀಟರ್ ಮಾತ್ರ ಹೆಚ್ಚು.

ಇದರಲ್ಲಿ ಅದೃಷ್ಟವೂ ಇದೆ. ಒಳಮೈ ಸುಮಾರು 2,400 ಚದರ ಸೆಂ.ಮೀ., ದಪ್ಪದಲ್ಲಿ ಒಂದು ಮಿ.ಮೀ. ತಪ್ಪಿದರೆ 240 ಮಿಲಿಲೀಟರ್ ಹೋಯಿತು. ಬೋಕಿ ಒಂದೇ ಸಾಲದು, ತಳದ್ದು, ಹೊಟ್ಟೆಯದು, ಹೆಗಲಿನದು ಬೇರೆ ಬೇರೆ ಅಳೆಯಿರಿ.

ಮುಂದಿನದು ಆನೆಗೊಂದಿಯ ಹರಿಗೋಲು. ಅಲ್ಲಿ ಬಿಲ್ಲೆ ಬಿಟ್ಟು ಚಿಪ್ಪಿನ ವಿಧಾನ: ಅಂಚಿನಿಂದ ಅಂಚಿಗೆ ಹಗ್ಗ ಬಿಗಿದು, ನಡುವಿನಿಂದ 10 ಸೆಂ.ಮೀ.ಗೊಂದು ಆಳ ಅಳೆದು, ಪ್ರತಿಯೊಂದನ್ನೂ 2ಪೈ ಮತ್ತು ನಡುವಿನಿಂದ ಇರುವ ದೂರದಿಂದ ಗುಣಿಸಿ ಅನುಕಲಿಸುವುದು. ನಡುವಿನಿಂದ 80 ಸೆಂ.ಮೀ. ದೂರದ ಆಳದಲ್ಲಿ ಆಗುವ ತಪ್ಪು 20 ಸೆಂ.ಮೀ.ನಲ್ಲಾಗುವ ಅಷ್ಟೇ ತಪ್ಪಿನ ನಾಲ್ಕರಷ್ಟು ತೂಗುತ್ತದೆ, ಹಾಗಾಗಿ ಹಗ್ಗ ಜೋಲದಂತೆ ಅಂಚಿನ ಕಡೆಯೇ ಹೆಚ್ಚು ಜೋಪಾನ ಬೇಕು.