ನ್ಯೂಜೆರ್ಸಿಯ ಯುಗಾದಿಗೆ ಬಾಳೆಕಾಯಿ ಬಜ್ಜಿ

"ಅಮ್ಮಾ, ಅಜ್ಜಿ ಬಜ್ಜಿ ಮಾಡೋ ಕಾಯಿ ಇದೇ ಅಲ್ವಾ?"

ಯುಗಾದಿಯ ಹಿಂದಿನ ದಿನ ನ್ಯೂಜೆರ್ಸಿಯ ಅಂಗಡಿಯಲ್ಲಿ ಮಗಳು ಹಸಿರು ಬಾಳೆಯ ಚಿಪ್ಪೊಂದನ್ನು ಎತ್ತಿ ಹಿಡಿದು ಕೇಳಿದಳು. ನೋಡೋಕೆ ಹಾಗೇ ಇತ್ತು. ಆದರೆ ಅದು ನಮ್ಮ ಪಚ್ಚಬಾಳೆಯ ಜಾತಿ. ಹಡಗಿನಲ್ಲಿ ತಂದು, ಎಥಿಲೀನ್ ಅನಿಲ ಬಿಟ್ಟು ಹಣ್ಣಿಗೆ ಹಾಕಿರುತ್ತಾರೆ. ಸಿಪ್ಪೆ ಹಸಿರಿದ್ದರೂ ಒಳಗಿನ ಪಿಷ್ಟ ಆಗಲೇ ಸಕ್ಕರೆಯಾಗತೊಡಗಿರುತ್ತದೆ. ಎಣ್ಣೆಗೆ ಬಿಟ್ಟರೆ ಮೆತ್ತಗಾಗಿ, ಖಾರದ ಹಿಟ್ಟಿನೊಳಗೆ ಸಿಹಿ ಸಿಗುತ್ತದೆ. ಹೋಳಿಗೆ ಊಟದಲ್ಲಿ ಬಜ್ಜಿ ಸಿಹಿಯಾದರೆ ಬಾಯಿಗೆ ಬಿಡುವೆಲ್ಲಿ?

ಒಣಗಿದ ಬೇವಿನ ಹೂವು ಸಿಕ್ಕಿತು, ಮಾವಿನೆಲೆಯೂ ಸಿಕ್ಕಿತು. ಬಾಳೆಕಾಯಿ ಮಾತ್ರ ಇಲ್ಲ. ಪಕ್ಕದ ಮನೆಯ ಪ್ಯೂರ್ಟೊರಿಕೊದ ಅಜ್ಜಿಯ ಹತ್ತಿರ ಮಾತಿಗೆ ಮಾತು ಬಂದು ಹೇಳಿದ್ದೆ, ಅಷ್ಟೇ. ಹಬ್ಬದ ಬೆಳಿಗ್ಗೆ ನಾನು ಹೂರಣ ರುಬ್ಬುತ್ತಿದ್ದಾಗ ಚೀಲ ಹಿಡಿದು ಬಾಗಿಲಿಗೆ ಬಂದರು. ಒಳಗೆ ಪ್ಲಾಂಟೇನ್, ಅಂದರೆ ಅಡುಗೆಗೆ ಬಳಸೋ ಬಾಳೆಕಾಯಿ! ಉದ್ದ, ದಪ್ಪ, ಮೈತುಂಬ ಏಣು. ಮಗಳ ಬೆರಳು ಹಿಡಿದು ಆ ಏಣಿನ ಮೇಲೆ ಆಡಿಸಿ ತೋರಿಸಿದರು. ಇದನ್ನು ಕೈಯಲ್ಲಿ ಸುಲಿಯೋಕಾಗಲ್ಲ. ಎರಡೂ ತುದಿ ಕೊಯ್ದು, ಏಣಿನುದ್ದಕ್ಕೂ ಚಾಕು ಎಳೆದು ಸಿಪ್ಪೆ ಎಬ್ಬಿಸಬೇಕು. ಅವರ ಕಡೆ ಹೋಳನ್ನು ಒಮ್ಮೆ ಕರಿದು, ಒತ್ತಿ ಚಪ್ಪಟೆ ಮಾಡಿ, ಮತ್ತೆ ಕರಿದು ಉಪ್ಪು ಉದುರಿಸುತ್ತಾರೆ. ಒಂದು ತಟ್ಟೆ ಮಾಡಿಯೂ ಕೊಟ್ಟರು. ಬೇವು-ಬೆಲ್ಲಕ್ಕೆ ಕೈಯೊಡ್ಡಿ, ಕಹಿಗೆ ಮುಖ ಕಿವುಚದೆ ತಿಂದರು.

ಸೊನೆ ಹತ್ತಬಾರದೆಂದು ಅಂಗೈಗೆ ಎಣ್ಣೆ ಸವರಿಕೊಂಡೆ ನೋಡಿ, ಅಲ್ಲಿಂದ ಮನಸ್ಸು ದಾವಣಗೆರೆಗೆ ಹೋಯಿತು. ಕೆ.ಟಿ.ಜೆ. ನಗರದ ಮನೆ, ಆ ಬಿಸಿಲು. ಅಮ್ಮ ಈಳಿಗೆಮಣೆ ಮುಂದೆ ಕೂತು ಬೂದುಬಾಳೆ ಕಾಯಿಯನ್ನು ತೆಳ್ಳಗೆ ಬಿಲ್ಲೆ ಹೆಚ್ಚಿ, ಕಪ್ಪಾಗದಂತೆ ಮಜ್ಜಿಗೆ ನೀರಿಗೆ ಬಿಡುತ್ತಿದ್ದಳು. ಹಿಟ್ಟಿಗೆ ಓಂಕಾಳು ತಿಕ್ಕಿ ಹಾಕುತ್ತಿದ್ದಳು. ಮೊದಲ ಒಬ್ಬೆ ಎಡೆಗೆ, ಆಮೇಲಿನದ್ದೆಲ್ಲ ನಮಗೆ. ತಾನು ಉಣ್ಣಲು ಕೂರುವಾಗ ತಳದಲ್ಲಿ ತಣ್ಣಗಾದ ಎರಡೋ ಮೂರೋ ಉಳಿದಿರುತ್ತಿದ್ದವು. ನೀನು ಕೂತ್ಕೋ, ನಾನು ಕರಿತೀನಿ ಅಂತ ಮದುವೆಯಾಗಿ ಹೋಗುವವರೆಗೂ ನಾನು ಅನ್ನಲಿಲ್ಲ.

ಊಟವಾದ ಮೇಲೆ ಮಗಳು ದಾವಣಗೆರೆಯ ಅಜ್ಜಿಗೆ ವಿಡಿಯೊದಲ್ಲಿ ಬಜ್ಜಿ ತೋರಿಸಿದಳು. ಅಲ್ಲಿ ಆಗಲೇ ರಾತ್ರಿ.

"ನೀನೇನು ಮಾಡಿದ್ದೆ ಅಮ್ಮ?"

"ಶಾವಿಗೆ ಬಸಿದಿದ್ದೆ. ಒಬ್ಬಳಿಗೆ ಏನು ಬಾಣಲಿ ಇಡೋದು, ಬಿಡವ್ವ."

ಮುಂದಿನ ಯುಗಾದಿಗೆ ಖಂಡಿತ ಬರ್ತೀನಿ ಅಂದೆ. ಹೋದ ವರ್ಷವೂ ಇದನ್ನೇ ಹೇಳಿದ್ದೆ. ಅವಳು ಅದನ್ನು ಎತ್ತಲಿಲ್ಲ, ಕೈಗೆ ಸೊನೆ ಹತ್ತಿಲ್ಲ ತಾನೇ ಎಂದಷ್ಟೇ ಕೇಳಿದಳು.